ಮಂಡಿಗೊಂದು ವಾಷರ್

ಪ್ಲಂಬರ್: ಆಪರೇಷನ್ನೂ ಬೇಡ, ಗೀಪರೇಷನ್ನೂ ಬೇಡ. ಇನ್ನೊಂದಿಷ್ಟು ಮಾತ್ರೆ ಬರ್ಕೊಡಿ ಡಾಕ್ಟ್ರೇ, ಮನೆಗೆ ಹೋಗ್ತೀನಿ.

ಹೆಂಡತಿ: ಹೋಗಿ ಏನ್ ಕಡಿದು ಗುಡ್ಡೆ ಹಾಕ್ತೀರಿ? ನಮ್ಮ ಅಡುಗೆಮನೆಯ ನಲ್ಲಿ ಮೂರು ವರ್ಷದಿಂದ ತೊಟ್ಟಿಕ್ತಿದೆ. ಕೇಳಿದ್ರೆ ‘ನಾಳೆ’!

ಆಸ್ಪತ್ರೆಯ ಹಾಸಿಗೆ ಮೇಲಿದ್ದ ಪ್ಲಂಬರ್ ಬಲಮಂಡಿಯನ್ನು ಟವೆಲಿನಿಂದ ಮುಚ್ಚಿಕೊಂಡ. ಕೃತಕ ಕೀಲು ಹಾಕಿಸಿ ಮೂರು ವಾರವಾಗಿಲ್ಲ, ಆಗಲೇ ಮಂಡಿ ಊದಿ ಕೆಂಪಾಗಿದೆ. ಡಾಕ್ಟರ ಕೈಯಲ್ಲಿ ಒಪ್ಪಿಗೆ ಪತ್ರವಿತ್ತು.

ಡಾಕ್ಟರ್: ಕೀಲಿನ ಮೇಲೆ ಬ್ಯಾಕ್ಟೀರಿಯಾ ಲೋಳೆ ಹೊದ್ಕೊಂಡು ಕೂತಿವೆ. ತೊಳೀಲೇಬೇಕು.

ಪ್ಲಂಬರ್: ದಿನಾ ಒರೆಸ್ಕೊಳ್ತಿದೀನಲ್ಲ!

ಹೆಂಡತಿ: ಒಳಗೆ ಕಣ್ರೀ, ಒಳಗೆ!

ಪ್ಲಂಬರ್: ಒಳಗಾ? ಎರಡು ಜಗ್ಗು ನೀರು ಕುಡೀತಿದೀನಿ!

ಡಾಕ್ಟರ್: ಅಯ್ಯೋ, ಮಂಡಿ ಬಿಚ್ಚಿ ತೊಳೆಯೋದು! ಬರೀ ಮಾತ್ರೆಗೆ ಆ ಲೋಳೆ ಜಗ್ಗಲ್ಲ. ತಡ ಮಾಡಿದ್ರೆ ಇಡೀ ಕೀಲನ್ನೇ ಕೀಳಬೇಕಾಗುತ್ತೆ.

ಪ್ಲಂಬರ್: ಹಾಗಾದ್ರೆ ಸ್ಟ್ರಾಂಗ್ ಮಾತ್ರೆ ಕೊಡಿ.

ಹೆಂಡತಿ: ರೀ, ಮೂಲೆಮನೆ ಅಜ್ಜಿ ಟ್ಯಾಂಕಲ್ಲಿ ಪಾಚಿ ಕಟ್ಟಿದಾಗ ಏನಂದ್ರಿ?

ಪ್ಲಂಬರ್: ಅದೇ ಬೇರೆ...

ಹೆಂಡತಿ: ಏನಂದ್ರಿ ಹೇಳಿ!

ಪ್ಲಂಬರ್ (ಗೊಣಗುತ್ತ): ‘ಮೇಲಿಂದ ಪುಡಿ ಸುರಿದ್ರೆ ಪಾಚಿ ಹೋಗಲ್ಲಜ್ಜಿ, ಒಳಗಿಳಿದು ಉಜ್ಜಬೇಕು’ ಅಂದೆ.

ಡಾಕ್ಟರ್: ನಾನು ಹೇಳ್ತಿರೋದೂ ಅದನ್ನೇ! ಉಜ್ಜಿ ತೊಳೆದು, ಮಧ್ಯದ ಪ್ಲಾಸ್ಟಿಕ್ ಬಿಲ್ಲೆ ಬದಲಾಯಿಸ್ತೀವಿ. ಮಾತ್ರೆ ಆಮೇಲೆ, ಕೆಲವು ತಿಂಗಳು.

ಪ್ಲಂಬರ್ ನೆಟ್ಟಗೆ ಕೂತ.

ಪ್ಲಂಬರ್: ಬಿಲ್ಲೆನಾ? ಅಂದ್ರೆ ವಾಷರ್! ಮೊದಲೇ ಹೇಳ್ಬಾರ್ದಿತ್ತಾ? ಅರ್ಧ ಗಂಟೆ ಕೆಲಸ!

ಹೆಂಡತಿ: ಆ ಅರ್ಧ ಗಂಟೆ ಕೆಲಸಕ್ಕೇ ಅಲ್ವಾ ನನ್ನನ್ನ ಮೂರು ವರ್ಷ ಕಾಯಿಸಿದ್ದು?

ಡಾಕ್ಟರು ನಕ್ಕರು. ಅವಳು ನಗಲಿಲ್ಲ.

ಹೆಂಡತಿ: ಜ್ವರ ಬಂದು ನೀವು ಗಡಗಡ ನಡುಗೋದು ನೋಡಿದ್ರೆ ನನಗೆ ಕೈಕಾಲೇ ಆಡಲ್ಲ ಕಣ್ರೀ. ಭಯ ಆಗುತ್ತೆ. ಸುಮ್ನೆ ಸಹಿ ಹಾಕಿ.

ಪ್ಲಂಬರ್ ಅವಳ ಮುಖವನ್ನೊಮ್ಮೆ ನೋಡಿದ. ಪೆನ್ನು ತೆಗೆದುಕೊಂಡು ಸಹಿ ಹಾಕಿದ.

ಪ್ಲಂಬರ್: ಯಾವಾಗ ಆಪರೇಷನ್ನು?

ಡಾಕ್ಟರ್: ನಾಳೆ.

ಪ್ಲಂಬರ್ (ಗಾಬರಿಯಿಂದ ಹೆಂಡತಿಯತ್ತ ತಿರುಗಿ): ಏನೇ, ಇವರ ನಾಳೆ ಅಂದ್ರೆ ನಿಜವಾಗ್ಲೂ ನಾಳೆನೇನಾ?

ಹೆಂಡತಿ: ಹೂಂ ಮತ್ತೆ. ಅವರು ಡಾಕ್ಟ್ರು ಕಣ್ರೀ, ಪ್ಲಂಬರ್ ಅಲ್ಲ!