ಬಸ್ ಸ್ಟಾಪಿನ ಪುಂಡಿಪಲ್ಯ

ಮೂರು ತಿಂಗಳ ಬಸುರಿ ಭೂಮಿಕಾಗೆ ಪುಂಡಿಪಲ್ಯ, ಅಂದರೆ ಹುಳಿ ಗೋಂಗುರ ಸೊಪ್ಪು, ತಿನ್ನುವ ಬಯಕೆಯಾದದ್ದೇ ಈ ಎಲ್ಲ ರಾದ್ಧಾಂತಕ್ಕೆ ಮೂಲ. ವಿಜಾಪುರದಲ್ಲಾಗಿದ್ದರೆ ಒಂದು ಸಿವುಡು ಕೇಳಿದರೆ ಎರಡು ಸಿಗುತ್ತಿತ್ತು. ಗಂಡ ದುಂಡಪ್ಪ ಜರ್ಮನಿಯವರೇ ಕೊಡುವ ಗ್ರೀನ್ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಕಾರುಗಳ ಇಂಜಿನಿಯರಾಗಿ ಬಂದಿಳಿದ ಅಬ್‌ಸ್ಟಾಟ್ ಎಂಬ ಜರ್ಮನ್ ಹಳ್ಳಿಯಲ್ಲಿ ಸೊಪ್ಪೆಂದರೆ ಪಾಲಕ್ ಒಂದೇ, ಅದೂ ಹಿಮಗಟ್ಟಿದ ಇಟ್ಟಿಗೆಯ ಹಾಗೆ. ಬೆಳೆದುಕೊಳ್ಳೋಣವೆಂದರೆ ಮೂರನೇ ಮಹಡಿಯ ಮನೆಯಲ್ಲಿ ಹಿಡಿ ಮಣ್ಣಿಲ್ಲ.

ಈಸ್ಟರ್ ರಜೆಯಲ್ಲಿ ಗಡಿ ದಾಟಿ ಫ್ರಾನ್ಸಿನ ಒಂದು ಸಣ್ಣ ಊರಿಗೆ ಹೋದಾಗ ದುಂಡಪ್ಪನಿಗೆ ಜ್ಞಾನೋದಯವಾಯಿತು. ಅಲ್ಲಿ ಹಿತ್ತಿಲುಗಳಲ್ಲಿ ಗುಲಾಬಿಯ ನಡುವೆ ಕೋಸು, ಟುಲಿಪ್ ಪಕ್ಕ ಈರುಳ್ಳಿ. ಪುರಸಭೆಯ ಮುಂದಿನ ಹೂಮಡಿಯಲ್ಲೂ ಸೊಪ್ಪೇ. ಯಾರು ಬೇಕಾದರೂ ಕಿತ್ತುಕೊಳ್ಳಿ ಎಂಬ ಫಲಕ ಬೇರೆ.

ಫೋಟೊ ಹಿಡಿದು ಬಂದವನೇ ರಾಟ್‌ಹೌಸಿಗೆ, ಅಂದರೆ ಊರಿನ ಪಂಚಾಯಿತಿ ಕಚೇರಿಗೆ ಅರ್ಜಿ ಹಾಕಿದ. ಬಸ್ ಸ್ಟಾಪಿನ ಪಕ್ಕದ ಮಡಿ ಸಿಕ್ಕಿತು. ಯಾರು ಬೇಕಾದರೂ ಕಿತ್ತುಕೊಳ್ಳಿ ಎಂಬ ಅಂಥದ್ದೇ ಫಲಕವನ್ನೂ ಕಚೇರಿಯವರೇ ನೆಟ್ಟರು. ತಾಯಿ ಗುರವ್ವ ಪಾರ್ಸಲ್ಲಿನಲ್ಲಿ ಕಳಿಸಿದ ಬೀಜ ಬಿತ್ತಿ, ದಿನಾ ನೀರು ಹೊತ್ತು, ಜುಲೈ ಹೊತ್ತಿಗೆ ಸೊಂಟದೆತ್ತರ ಪುಂಡಿ ಬೆಳೆಸಿದ.

"ನಾಳೆ ಶನಿವಾರ. ಮುಂಜಾನೆ ಎಂಟಕ್ಕ ಕೊಯ್ಕೊಂಡ್ ಬರ್ತೀನಿ, ರೊಟ್ಟಿ ಬಡದಿಡು," ಎಂದ.

"ಎಂಟರ ತನಕ ತಡಕೋಬೇಕಲ್ರೀ," ಎಂದಳು ಭೂಮಿಕಾ.

ಎಂಟಕ್ಕೆ ಚಾಕು, ಚೀಲ ಹಿಡಿದು ಇಳಿದರೆ ಮಡಿಯ ಬಳಿ ಇಬ್ಬರು ಪೊಲೀಸರು ನಿಂತಿದ್ದರು. ಅರ್ಧ ಸೊಪ್ಪು ಆಗಲೇ ಮಾಯ. ದುಂಡಪ್ಪ ಚೀಲ ಬೀಸುತ್ತ ನುಗ್ಗಿದ.

"ನನ್ನ ಸೊಪ್ಪು ಯಾರು ಕದ್ದದ್ದು?" ಎಂದು ತನ್ನ ಹರುಕು ಜರ್ಮನ್‌ನಲ್ಲಿ ಕೇಳಿದ.

"ಹಾಗಾದರೆ ಗಿಡ ನಿಮ್ಮದೇ?" ಹಿರಿಯ ಪೊಲೀಸನ ಮುಖ ಅರಳಿತು.

"ನನ್ನದೇ. ಬೀಜ ಇಂಡಿಯಾದ್ದು," ಎಂದ ದುಂಡಪ್ಪ ಹೆಮ್ಮೆಯಿಂದ. ಪೊಲೀಸ ಬರೆದುಕೊಂಡ.

ಎದುರು ಮನೆಯ ಫ್ರಾವ್, ಅಂದರೆ ಶ್ರೀಮತಿ, ಹೆಬರ್ಲೆ ಕೈಕಟ್ಟಿ ನಿಂತಿದ್ದಳು. ಬೆರಳು ಬಿಡಿಸಿಟ್ಟಂಥ ಎಲೆ ನೋಡಿ ಗಾಂಜಾ ಎಂದು ಫೋನು ಮಾಡಿದವಳು ಅವಳೇ. ಎಲೆ ನೋಡಿ ವಾರದಿಂದಲೇ ಅನುಮಾನವಂತೆ. ಇಂದು ಬೆಳಿಗ್ಗೆ ಐದಕ್ಕೆ ತಲೆತುಂಬ ಶಾಲು ಹೊದ್ದ ಯಾರೋ ಚೀಲ ತುಂಬಿಕೊಂಡು ಹೋದದ್ದನ್ನು ಕಂಡು ಖಾತ್ರಿಯಾಯಿತಂತೆ. "ಗಿರಾಕಿಯೇ ಇರಬೇಕು," ಎಂದಳು.

ಬಸ್ಸಿಗೆ ಕಾಯುತ್ತಿದ್ದ ರಾಕೇಶ್ ಹತ್ತಿರ ಬಂದ. ಅದೇ ಕಟ್ಟಡದಲ್ಲಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ.

"ರಾಕೇಶಾ, ಇದು ಪುಂಡಿಪಲ್ಯ ಅಂತ ಹೇಳೋ ಮಾರಾಯಾ."

ರಾಕೇಶ್ ಗಿಡವನ್ನು ಸುತ್ತಿ ನೋಡಿದ. "ಗುರು, ನಿಜ ಹೇಳು. ನಂಗೂ ಡೌಟೇ."

ಪಾಸ್‌ಪೋರ್ಟಿನ ಗ್ರೀನ್ ಕಾರ್ಡ್ ಮುದ್ರೆ ಅಳಿಸಿಹೋದಂತೆ ದುಂಡಪ್ಪನಿಗೆ ಕಂಡಿತು. ಹೆದರಿಕೆಯಲ್ಲಿ ಒಂದು ಹಿಡಿ ಎಲೆ ಕಿತ್ತು ಬಾಯಿಗೆ ತುರುಕಿದ. "ನೋಡಿ, ಊಟದ ಸೊಪ್ಪು. ಹುಳಿ."

ಪೊಲೀಸರು ಗಡಿಯಾರ ನೋಡಿಕೊಂಡರು. ಅಮಲೇರುತ್ತದೋ ಇಲ್ಲವೋ, ಅರ್ಧ ಗಂಟೆ ಕಾಯೋಣ ಎಂದರು.

"ಗುರು, ಏನೇ ಆದ್ರೂ ನಗಬೇಡ. ನಕ್ಕರೆ ಏರಿದೆ ಅನ್ಕೋತಾರೆ," ಎಂದು ರಾಕೇಶ್ ಕಿವಿಯಲ್ಲಿ ಹೇಳಿದ.

ಅಷ್ಟು ಹೇಳಿದ್ದೇ ತಪ್ಪಾಯಿತು. ಮದುವೆ ಫೋಟೊದಲ್ಲೂ ನಗದ ದುಂಡಪ್ಪನಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ತಡೆದಷ್ಟೂ ಜೋರಾಯಿತು. ಪೊಲೀಸ ಅದನ್ನೂ ಬರೆದುಕೊಂಡ.

ಕೊನೆಯ ಅಸ್ತ್ರವಾಗಿ ಫ್ರಾನ್ಸಿನ ಫೋಟೊ ತೋರಿಸಿದ. "ಇದು ಫ್ರಾನ್ಸ್ ಅಲ್ಲ," ಎಂದ ಹಿರಿಯವ. ಇದ್ದ ಗಿಡವನ್ನೆಲ್ಲ ಬೇರುಸಹಿತ ಕಿತ್ತು ಪರೀಕ್ಷೆಗೆಂದು ಚೀಲಕ್ಕೆ ತುಂಬಿದರು. ವರದಿಗೆ ಮೂರು ವಾರ, ಅಲ್ಲಿಯವರೆಗೆ ಪಾಸ್‌ಪೋರ್ಟ್ ಠಾಣೆಯಲ್ಲಿರಬೇಕು, ಇವತ್ತೇ ತಂದೊಪ್ಪಿಸಿ ಎಂದರು. ಮುಷ್ಟಿಯಲ್ಲಿ ಮುಚ್ಚಿಟ್ಟ ಒಂದೇ ಒಂದು ಎಲೆ ಮಾತ್ರ ಉಳಿಯಿತು.

ಬಸುರಿ ಹೆಂಡತಿಗೆ ಯಾವ ಮುಖ ತೋರಿಸಲಿ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದ. ಬಾಗಿಲು ತೆರೆದರೆ ಬೆಳ್ಳುಳ್ಳಿ ಒಗ್ಗರಣೆಯ ಘಮ. ಭೂಮಿಕಾ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕುರ್ಚಿಯ ಮೇಲೆ ಅವಳ ಶಾಲು.

"ಎಂಟರ ತನಕ ತಡಿಯಾಕ ಆಗ್ಲಿಲ್ರೀ. ಐದಕ್ಕ ಎದ್ದು ಹರಕೊಂಡ್ ಬಂದು ಮಾಡ್ಕೊಂಡೆ. ಫಲಕದಾಗ ಯಾರ್ ಬೇಕಾದ್ರೂ ಅಂತ ಐತಲ್ಲ."

ದುಂಡಪ್ಪ ಖಾಲಿ ಒಲೆಯ ಕಡೆ ನೋಡಿದ. "ನನಗ?"

"ನಿಮಗಂತ ತಗದಿಟ್ಟಿದ್ದೆ. ಪಾತ್ರಿ ತೊಳಿಯಾಕ ಬಂದಾಗ ತಡೀಲಾರ್ದ ಅದನ್ನೂ ತಿಂದ್ಬಿಟ್ಟೆ. ಮುಷ್ಟ್ಯಾಗ ಏನ್ರಿ ಅದು?"

ಅವನು ಕೈ ಬಿಡಿಸಿದ. ಭೂಮಿಕಾ ಎಲೆಯನ್ನು ತೆಗೆದುಕೊಂಡು, ನಲ್ಲಿಯ ಕೆಳಗೆ ತೊಳೆದು, ಬಾಯಿಗೆ ಹಾಕಿಕೊಂಡಳು. ದುಂಡಪ್ಪ ಒಣ ರೊಟ್ಟಿ ತಟ್ಟೆಗೆ ಹಾಕಿಕೊಂಡು ಪಾಸ್‌ಪೋರ್ಟ್ ಹುಡುಕತೊಡಗಿದ.