ಕಡತಕ್ಕೆ ಸೇರಿದ ಇನ್‌ಬಾಕ್ಸ್

ನನ್ನದು ಪ್ರತಿ ಇಟ್ಟುಕೊಳ್ಳುವ ಜನ್ಮ. ಮಣಿಪಾಲದ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ವರ್ಷಗಟ್ಟಲೆ ಕೂತವನಿಗೆ, ಕಂಡ ಕಾಗದದ ಒಂದು ನಕಲು ಫೈಲಿಗೆ ಸೇರದಿದ್ದರೆ ಊಟ ರುಚಿಸುವುದಿಲ್ಲ. ಮದುವೆಯಾಗಿದ್ದರೆ ಹೆಂಡತಿ ಈ ಚಟ ಬಿಡಿಸುತ್ತಿದ್ದಳೇನೋ. ಆ ಕಡತ ಯಾವ ಮೇಜಿನಿಂದಲೂ ಮುಂದಕ್ಕೆ ಹೋಗಲಿಲ್ಲ.

ಪರ್ಕಳದ ಬಾಡಿಗೆ ಕೋಣೆಯಲ್ಲಿ ಏಳು ವರ್ಷ ನನ್ನ ಜೊತೆಗಿದ್ದವನು ಕಾಪುವಿನ ಹಮೀದ್. ಬಾಗಲಕೋಟೆ ಕಡೆಯವನಾದ ನಾನು ರೊಟ್ಟಿ ಬಡಿಯುತ್ತಿದ್ದೆ. ಅವನು ಮೀನು ಸಾರು ಮಾಡಿ, ವಾಸನೆ ನನ್ನನ್ನು ಮುಟ್ಟಬಾರದೆಂದು ಕಿಟಕಿಯತ್ತ ಟವೆಲ್ ಬೀಸುತ್ತಿದ್ದ. ಸೌದಿಯ ದಮ್ಮಾಮಿನ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿ, "ಇ-ಮೇಲ್ ಮಾಡ್ತೇನೆ ಮಾರಾಯ್ರೆ, ನೋಡ್ತಾ ಇರಿ" ಎಂದು ಹೊರಟುಹೋದ. ಕೋಣೆಗೆ ಶುದ್ಧ ಗಾಳಿ ಬಂತು. ಅದು ನನಗೆ ಒಂದಿಷ್ಟೂ ಹಿಡಿಸಲಿಲ್ಲ.

ಸೈಬರ್ ಕೆಫೆ ನಡೆಸುತ್ತಿದ್ದ ಶಾಲಿನಿಯವರು ಅವನು ಹೊರಡುವ ಮೊದಲೇ ನನಗೊಂದು ಮೇಲ್ ಖಾತೆ ತೆರೆದು, ವಿಳಾಸವನ್ನು ಅವನಿಗೂ ಬರೆದುಕೊಟ್ಟಿದ್ದರು. ಆಮೇಲೆ ನನಗೆ ಅಕ್ಷರಾಭ್ಯಾಸ ಮಾಡಿಸಿದರು. ಎಡಕ್ಕೆ ಮುಖ ಮಾಡಿದ ಬಾಣ ಹಿಂದಿನ ಪುಟಕ್ಕೆ, ಪಕ್ಕದ ಪಟ್ಟಿ ಎಳೆದರೆ ಪುಟ ಕೆಳಕ್ಕೆ, ಸುತ್ತುವ ಬಾಣಗಳ ರಿಫ್ರೆಶ್ ಒತ್ತಿದರೆ ಹೊಸ ಸುದ್ದಿ. ಮೇಲಿನ ಉದ್ದನೆಯ ಬಿಳಿ ಪಟ್ಟಿ ಅಡ್ರೆಸ್ ಬಾರ್. ಅದರ ಕಡೆ ನಾನು ಗಮನ ಕೊಡಲಿಲ್ಲ. ಮೊದಲ ದಿನ ಇನ್‌ಬಾಕ್ಸ್ ತೆರೆದಾಗ ‘ಸೇವ್’ ಎಂಬ ಪದ ಕಣ್ಣಿಗೆ ಬಿತ್ತು. ಪ್ರತಿ ಇಡುವುದೆಂದರೆ ಕೇಳಬೇಕೆ? ಆ ಪುಟವನ್ನು ಡೆಸ್ಕ್‌ಟಾಪಿನ ಮೇಲೆ ಇಟ್ಟೆ.

ಮರುದಿನದಿಂದ ಮೂಲೆಯ ಅದೇ ಕಂಪ್ಯೂಟರ್, ಡೆಸ್ಕ್‌ಟಾಪಿನ ಮೇಲೆ ಆ ಪುಟದ ಅದೇ ಪುಟ್ಟ ಚಿತ್ರ. ಒತ್ತಿದರೆ ಕ್ಷಣದಲ್ಲಿ ಇನ್‌ಬಾಕ್ಸ್ ಹಾಜರ್. ಪಾಸ್‌ವರ್ಡ್ ಕೂಡ ಕೇಳುತ್ತಿರಲಿಲ್ಲ. ಯಂತ್ರಕ್ಕೆ ನನ್ನ ಗುರುತು ಸಿಕ್ಕಿದೆ ಎಂದು ಒಳಗೊಳಗೇ ಬೀಗಿದೆ. ಆದರೆ ಪತ್ರ ಮಾತ್ರ ಇಲ್ಲ. ರಿಫ್ರೆಶ್ ಒತ್ತಿದೆ, ಇಲ್ಲ. ಹೀಗೆ ಒಂದೂವರೆ ತಿಂಗಳು. ಹೋದವನಿಗೆ ಹೊಸ ಗೆಳೆಯರು ಸಿಕ್ಕಿರಬೇಕು, ನಾನಾಗಿ ಏಕೆ ಬರೆಯಲಿ ಎಂದು ಬಿಗುಮಾನದಿಂದ ಕೂತೆ. ಸಂಜೆ ಅಭ್ಯಾಸಬಲದಿಂದ ಎರಡು ಲೋಟ ಚಹಾ ಮಾಡಿ, ಎರಡನ್ನೂ ನಾನೇ ಕುಡಿಯುತ್ತಿದ್ದೆ. ನಿಜ ಹೇಳುತ್ತೇನೆ, ಅಳು ಬರುತ್ತಿತ್ತು.

ಒಂದು ದಿನ ಫೋನ್ ಲೈನ್ ಕೆಟ್ಟು ಕೆಫೆಯಲ್ಲಿ ಎಲ್ಲರೂ ಎದ್ದುಹೋದರು. ನಾನೊಬ್ಬ ಒತ್ತುತ್ತಲೇ ಇದ್ದೆ.

"ಎಂತ ಮಾಡ್ತಾ ಇದ್ದೀರಿ? ಇಂಟರ್ನೆಟ್ಟೇ ಇಲ್ಲ ಅಲ್ವಾ?" ಎಂದು ಶಾಲಿನಿಯವರು ಬಂದರು.

"ನನಗ ಬರಾಕತ್ತೈತ್ರಿ" ಎಂದೆ, ಹೆಮ್ಮೆಯಿಂದ.

ಅವರು ಬಿಳಿ ಪಟ್ಟಿಗೆ ಬೆರಳಿಟ್ಟರು. "ಇಲ್ಲಿ ವಿಳಾಸ ನೋಡಿ. ಇದು ಈ ಕಂಪ್ಯೂಟರಿನ ಒಳಗೇ ಉಂಟು. ನೀವು ಸೇವ್ ಮಾಡಿದ ಹಳೆ ಪುಟ ಇದು. ಇದಕ್ಕೆ ಪತ್ರ ಹೇಗೆ ಬರ್ತದೆ?"

ಕಚೇರಿಯಲ್ಲಿ ವಿಳಾಸ ನೋಡದೆ ಲಕೋಟೆ ಒಡೆದವರನ್ನು ಬೈಯುವುದೇ ನನ್ನ ಕೆಲಸ.

ಲೈನ್ ಬಂದ ಮೇಲೆ ಅವರೇ ನಿಂತು ನಿಜವಾದ ಇನ್‌ಬಾಕ್ಸ್ ತೆರೆಸಿದರು. ಹನ್ನೊಂದು ಪತ್ರಗಳು! ಮೊದಲನೆಯದು "ತಲುಪಿದೆ". ಐದನೆಯದು "ಕೋಪವಾ?" ಕೊನೆಯದು, "ದಿನಾ ಬಂದು ನೋಡ್ತೇನೆ, ನಿಮ್ಮದು ಎಂತದೂ ಇಲ್ಲ. ಇಲ್ಲಿ ಮೀನು ಸಾರು ಮಾಡಿದ್ರೆ ಬೇಡ ಅನ್ಲಿಕ್ಕೆ ಜನ ಇಲ್ಲ ಮಾರಾಯ್ರೆ."

‘ಕೆಲಸ ಜಾಸ್ತಿ ಇತ್ತು’ ಎಂದು ಟೈಪ್ ಮಾಡಿದೆ. ಅಳಿಸಿದೆ. ‘ನಾನು ದಡ್ಡ, ಕೋಣೆಯಲ್ಲಿ ನಿನ್ನ ಸಾರಿನ ವಾಸನೆ ಇಲ್ಲ’ ಎಂದು ಬರೆದು ಕಳುಹಿಸಿ, ಕೂಡಲೇ ರಿಫ್ರೆಶ್ ಒತ್ತಿದೆ.

"ಅವರಿಗೆ ಈಗ ಕೆಲಸದ ಹೊತ್ತು. ನಾಳೆ ಬನ್ನಿ" ಎಂದರು ಶಾಲಿನಿ.

ಆಗಲಿ ಎಂದು ಎದ್ದು ನಿಂತೆ. ನಿಂತುಕೊಂಡೇ ಇನ್ನೊಂದು ಸಲ ಒತ್ತಿದೆ.