ಗಂಗುಲಪ್ಪ ಮಗಳ ಸ್ಕೂಲಿಗೆ ಹೋದದ್ದು

ಸುಗಟೂರಿನ ಗಂಗುಲಪ್ಪ ಯಾರ ಮಾತನ್ನೂ ಕೊನೆಯವರೆಗೆ ಕೇಳಿದವನಲ್ಲ. ಕೊಬ್ಬಿನಿಂದಲ್ಲ, ಅರ್ಧ ಮಾತಿಗೇ ಅವನ ಮನಸ್ಸು ಹಗ್ಗ ಕಿತ್ತ ಕರುವಿನ ಹಾಗೆ ಓಡಿಬಿಡುತ್ತಿತ್ತು. ಎಪ್ಪತ್ತೆಂಟರ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಸೈಕಲ್ ಶಾಪಿನ ಗೌಸ್ ಮೊಹಿದ್ದೀನ್ ಅವನ ಟೊಮೇಟೊ ತೋಟದ ಬದುವಿನಲ್ಲಿ ನಿಂತು ಕೂಗಿದ:

"ಗಂಗುಲಣ್ಣಾ, ನಿನ್ನ ಮಗಳು ಶ್ಯಾಮಲನ ವಿಷಯಕ್ಕೆ ಸ್ಕೂಲಿಂದ ಹೇಳಿ ಕಳಿಸವ್ರೆ. ಭಾಳ ಗರಂ ಆಗವ್ರೆ..."

ಮುಂದಿನದು ಟೊಮೇಟೊ ಗಿಡಗಳಿಗೆ ಕೇಳಿಸಿತು. ಗಂಗುಲಪ್ಪ ಆಗಲೇ ರಸ್ತೆಯಲ್ಲಿದ್ದ.

ಕೂತಲ್ಲಿ ಕೂರುವುದಿಲ್ಲವೆಂದು ಅವನನ್ನು ಚಿಕ್ಕಂದಿನಲ್ಲಿ ಮೇಷ್ಟ್ರು ಕಂಬಕ್ಕೆ ಕಟ್ಟಿಹಾಕಿದ್ದರು. ಓದು ಅಲ್ಲಿಗೇ ನಿಂತಿತ್ತು. ಮಗಳೂ ಅದೇ ಅಚ್ಚು. ಅವಳಿಗೆ ಹಾಗಾಗಬಾರದು.

ದಾರಿಯಲ್ಲಿ ಸೊಣ್ಣಪ್ಪನ ಟೀ ಅಂಗಡಿ. ಕೆಟ್ಟ ರೇಡಿಯೋ ಬೆಂಚಿನ ಮೇಲಿತ್ತು. ಗಂಗುಲಪ್ಪ ಒಂದು ನಿಮಿಷ ಎಂದು ಕೂತು, ಸ್ಕೂಲಿನ ಸುದ್ದಿ ಹೇಳುತ್ತಾ ಅದನ್ನು ಬಿಚ್ಚತೊಡಗಿದ.

"ಮಗಳಿಗೂ ನಿನ್ನ ಬುದ್ಧೀನೇ ಬಂದೈತೆ ಕಣ್ಲಾ. ಬೇವಿನ ಕಷಾಯ ಕುಡ್ಸು," ಎಂದ ಸೊಣ್ಣಪ್ಪ.

"ನಮ್ಮಪ್ಪ ನಂಗೆ ಗಡಿಗೆ ಗಡಿಗೆ ಕುಡ್ಸವ್ನೆ. ಕಹಿ ಬಿಟ್ರೆ ಏನೂ ಬರ್ಲಿಲ್ಲ."

ಸ್ಕೂಲು ನೆನಪಾದಾಗ ಸೂರ್ಯ ನೆತ್ತಿ ದಾಟಿದ್ದ. ಧಡಕ್ಕನೆ ಎದ್ದು ಓಡಿದ. "ಲೇ, ರೇಡಿಯೋ ಗುಂಡಿ ಕೊಟ್ಟು ಹೋಗ್ಲಾ!" ಎಂದು ಸೊಣ್ಣಪ್ಪ ಹಿಂದೆಯೇ ಓಡಿದ.

ಪ್ರೈಮರಿ ಸ್ಕೂಲಿನಲ್ಲಿ ವೆಂಕಟರತ್ನಮ್ಮ ಟೀಚರು ತಲೆಯ ಮೇಲೆ ಏರಿಸಿಕೊಂಡಿದ್ದ ಕನ್ನಡಕವನ್ನು ಮೇಜಿನ ಕೆಳಗೆ ಹುಡುಕುತ್ತಿದ್ದರು. ಶ್ಯಾಮಲ ಕಿಟಕಿಯ ಬಳಿ ಒಂಟಿಕಾಲಲ್ಲಿ ನಿಂತಿದ್ದಳು.

"ಅಮ್ಮಾ, ಹೊಡೀಬೇಡಿ," ಗಂಗುಲಪ್ಪ ಕೈ ಮುಗಿದ. "ಬೇಕು ಅಂತ ಮಾಡಲ್ಲ ಅವಳು. ತಲೇಲಿ ಯಾವಾಗ್ಲೂ ಸಂತೆ ನಡೀತಿರುತ್ತೆ. ಈ ಕಡೆ ಕೇಳೋವಾಗ ಆ ಕಡೆ ಯಾರೋ ಕೂಗ್ತಾರೆ. ನಂಗೂ ಹಂಗೇ."

ಟೀಚರು ಮೇಜಿನ ಕೆಳಗಿಂದ ಎದ್ದರು. ಕಣ್ಣು ಒದ್ದೆಯಾಗಿತ್ತು.

"ನಂಗೂ ಹಂಗೇ ಕಣಪ್ಪಾ! ನಿಮಗೆ ಯಾಕೆ ಹೇಳಿ ಕಳಿಸ್ದೆ ಅಂತಾನೇ ನಂಗೆ ನೆನಪಿಲ್ಲ. ಕೂರೋಕೆ ಆಗ್ದಿದ್ರೆ ನಿಂತೇ ಓದ್ಲಿ ಬಿಡಿ. ಗಂಟೆ ಹೊಡೆಯೋ ಕೆಲ್ಸ ಅವಳಿಗೇ ಕೊಡ್ತೀನಿ."

ಗಂಗುಲಪ್ಪ ಮಗಳ ಕೈ ಹಿಡಿದು ಮನೆಗೆ ಬಂದ. ಹೆಂಡತಿ ಅನಸೂಯಮ್ಮನಿಗೆ ಎಲ್ಲವನ್ನೂ ಹೇಳಿದ. ಹುಟ್ಟಿದ ಮೇಲೆ ಒಂದು ಕೆಲಸ ಪೂರ್ತಿ ಮುಗಿಸಿದ ಸಂತೋಷ ಅವನಿಗೆ. ಮುದ್ದೆಗೆ ಕೈ ಹಾಕುವಷ್ಟರಲ್ಲಿ ಗೌಸ್ ಮೊಹಿದ್ದೀನ್ ಬಾಗಿಲಿಗೆ ಬಂದ.

"ಏನಣ್ಣಾ ನೀನು! ಮಿಡ್ಲ್ ಸ್ಕೂಲ್ ಮಾಸ್ಟ್ರು ಸಾಯಂಕಾಲದವರೆಗೂ ಕಾದ್ರಂತೆ!"

"ಮಿಡ್ಲ್ ಸ್ಕೂಲಾ? ಅಲ್ಲಿ ನಮ್ಮೋರು ಯಾರವ್ರೆ?"

"ಅಯ್ಯೋ ದೇವ್ರೇ!" ಅನಸೂಯಮ್ಮ ಹಣೆ ಚಚ್ಚಿಕೊಂಡಳು. "ಇವಳು ನಾಕನೇ ಕ್ಲಾಸು ಪಾಸಾಗಲಿಲ್ವಾ? ನಾನೇ ಹೋಗಿ ಅಲ್ಲಿ ಐದನೇ ಕ್ಲಾಸಿಗೆ ಸೇರ್ಸಿ ಬರಲಿಲ್ವಾ?"

"ಸ್ಕೂಲು ತೆಗೆದಾಗಿಂದ ಹುಡುಗಿ ಒಂದು ದಿನಾನೂ ಬಂದಿಲ್ಲ, ನಾಳೆ ಅಪ್ಪ ಬರ್ದಿದ್ರೆ ಹೆಸರು ತೆಗೀತೀನಿ ಅಂತವ್ರೆ ಮಾಸ್ಟ್ರು," ಎಂದ ಗೌಸ್.

ಮುಗಿದ ಕೈಯನ್ನು ನಾಳೆ ಇನ್ನೊಬ್ಬರ ಮುಂದೆ ಮತ್ತೆ ಮುಗಿಯಬೇಕು. ಗಂಗುಲಪ್ಪ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದ. ಮೂವರೂ ಶ್ಯಾಮಲಳತ್ತ ತಿರುಗಿದರು.

ಅವಳ ಮುಖ ಅರಳಿತು.

"ಅದಕ್ಕೇನಾ! ಟೀಚರ್ ಮಾಡೋ ಪಾಠ ಎಲ್ಲಾ ಎಲ್ಲೋ ಕೇಳ್ದಂಗೈತಲ್ಲಾ ಅಂತ ದಿನಾ ಅನ್ಕೋತಿದ್ದೆ!"